ಮೊದಲ ವಾರ

ವಿದಿನ್‌ನಿಂದ ಹೊರಟ ಮೊದಲ ಬಸ್ಸಿನ ಡ್ರೈವರನ ಕೈಯಲ್ಲಿ ಅಮ್ಮ ಕಳಿಸಿದ್ದ ಬಾನಿತ್ಸಾ, ಚೀಸು ತುಂಬಿದ ಪದರದ ತಿಂಡಿ, ನಾಲ್ಕು ಗಂಟೆ ಕಳೆದರೂ ಉಗುರುಬೆಚ್ಚಗಿತ್ತು. ಟ್ರಾಮಿನ ಕಿಟಕಿ ಪಕ್ಕ ಕೂತ ಯಾಸೆನ್ ಆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಎರಡು ಟವೆಲು, ಅದರ ಮೇಲೆ ನಾಲ್ಕು ಪದರ ಪತ್ರಿಕೆ, ಅದರ ಮೇಲೆ ಅವಳದೇ ಹಳೆಯ ಉಣ್ಣೆಯ ಶಾಲು, ಎಲ್ಲದರ ಮೇಲೆ ಬಿಗಿದ ದಾರ. ಕೂಸನ್ನು ಸುತ್ತಿದ ಹಾಗೆ ಸುತ್ತಿದ್ದಳು. ಬೆಳಿಗ್ಗೆ ಫೋನಿನಲ್ಲಿ ಅವಳು ಹೇಳಿದ್ದು ಒಂದೇ ಮಾತು: "ಬಿಸಿ ಆರೋದ್ರೊಳಗೆ ತಿನ್ನಿಸ್ಬಿಡಪ್ಪ ಅವ್ರಿಗೆ." ಬೆಣ್ಣೆ, ಉಪ್ಪು ಚೀಸಿನ ವಾಸನೆ ಟ್ರಾಮಿನ ತುಂಬ ಹರಡಿ ಎದುರಿನ ಸೀಟಿನ ಮುದುಕ ಎರಡು ಸಲ ಮೂಗರಳಿಸಿದ, ಮೂರನೆಯ ಸಲ ಕೇಳಿಯೇಬಿಟ್ಟ. "ಏನಪ್ಪಾ, ಮದುವೇನಾ?" ಪರೀಕ್ಷೆ ತಾತ, ಡಾಕ್ಟರಾಗೋ ಪರೀಕ್ಷೆ, ಎಂದ ಯಾಸೆನ್. "ಓಹೋ, ಹಾಗಾದ್ರೆ ನನ್ನ ಮಂಡಿ ಒಂಚೂರು ನೋಡು" ಎಂದು ಮುದುಕ ಕಾಲು ಚಾಚಿಯೇಬಿಟ್ಟ. "ಆ ಡಾಕ್ಟರ್ ಅಲ್ಲ ತಾತ." "ಮತ್ಯಾವ ಡಾಕ್ಟರು?" ಯಾಸೆನ್ ತಟ್ಟೆಯ ದಾರ ಬಿಗಿಮಾಡಿದ. ಚಳಿಯ ಡಾಕ್ಟರು ಎನ್ನಬಹುದಿತ್ತು. ಬಡವರ ಮನೆಗಳು ಎಷ್ಟು ತಣ್ಣಗಿವೆ ಎಂದು ಅಳೆಯಲು ಹೋಗಿ, ಅವು ತಣ್ಣಗಿಲ್ಲವೆಂದು ಇನ್ನೂರ ಎಂಬತ್ತು ಪುಟಗಳಲ್ಲಿ ಸಾಧಿಸಿ ತೋರಿಸಿದ ಡಾಕ್ಟರು. ಮುದುಕ ಕಾಲು ಹಿಂದಕ್ಕೆಳೆದುಕೊಂಡು ಕಿಟಕಿಯ ಹೊರಗೆ ನೋಡತೊಡಗಿದ. ಮೋಸ ಹೋದವನ ಮುಖ ಅವನದು. ಯಾಸೆನ್‌ನ ತೊಡೆ ಬೆಚ್ಚಗಿತ್ತು, ಬೂಟಿನೊಳಗೆ ಕಾಲ್ಬೆರಳು ಮರಗಟ್ಟಿದ್ದವು.

ಫಲಿತಾಂಶಕ್ಕೆ ಮೊದಲೇ ತಿಂಡಿ ಹೊತ್ತು ಹೊರಟವನನ್ನು ಕಂಡು ಸೋಫಿಯಾದಲ್ಲಿ ಯಾರೂ ನಗುವುದಿಲ್ಲ. ಐದು ಜನ ತೀರ್ಪುಗಾರರೂ ತಮ್ಮ ಅಭಿಪ್ರಾಯವನ್ನು ತಿಂಗಳ ಹಿಂದೆಯೇ ಬರೆದು ಕಳಿಸಿರುತ್ತಾರೆ. ಐದೂ 'ಪರ' ಎಂದು ಎಲ್ಲರಿಗೂ ಗೊತ್ತಿರುತ್ತದೆ. ಇನ್ನು ಉಳಿಯುವುದು ಟೈ ಕಟ್ಟಿಕೊಂಡು ನಿಲ್ಲುವುದು, ಆಮೇಲೆ ತಿನ್ನಿಸುವುದು. ಗೈಡ್ ವೆಂಕೋವ್ ಒಂದು ವಾರದಿಂದ ನೆನಪಿಸುತ್ತಿದ್ದುದು ಎರಡನೆಯದನ್ನೇ. "ಮಿಂಚೆವಾ ಮೇಡಂ ವಿಸ್ಕಿ ಮುಟ್ಟಲ್ಲ ಮಾರಾಯ, ಕೆಂಪು ವೈನ್ ತಗೋ. ಸಚಿವಾಲಯದಿಂದ ಕಾರಾಜೋವ್ ಖುದ್ದಾಗಿ ಬರ್ತಿದಾರೆ, ಅವರ ತಟ್ಟೆ ಖಾಲಿ ಬಿಡಬೇಡ." ಮೂರು ವರ್ಷದ ಸಂಶೋಧನೆಗೆ ಆರು ವರ್ಷ ತೆಗೆದುಕೊಂಡು, ಮೂವತ್ತಾರು ದಾಟಿ, ತನಗಿಂತ ಹತ್ತು ವರ್ಷ ಚಿಕ್ಕವರ ಜೊತೆ ಒಂದೇ ಮೇಜು ಹಂಚಿಕೊಂಡವನಿಗೆ ಕಾರಾಜೋವ್ ಅಂದರೆ ಯಾರೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರ ಇಲಾಖೆಯಲ್ಲಿ ಒಂದು ಕುರ್ಚಿ ಖಾಲಿಯಿತ್ತು. ಇನ್ನೆರಡು ದಿನಕ್ಕೆ, ಶುಕ್ರವಾರ, ಅವರ ಮೇಜಿನಿಂದ ಒಂದು ಪಟ್ಟಿಯೂ ಹೊರಡಲಿತ್ತು: ಕಲ್ಲಿದ್ದಲಿನ ಸ್ಥಾವರ ಮುಚ್ಚಿದ ಪಟ್ಟಣಗಳಲ್ಲಿ ಯಾವುದಕ್ಕೆ ಚಳಿಗಾಲದ ನೆರವು, ಯಾವುದಕ್ಕಿಲ್ಲ. ಮನೆಯೊಳಗಿನ ಶಾಖ ಹದಿನೆಂಟು ಡಿಗ್ರಿಗಿಂತ ಕೆಳಗಿದ್ದರೆ ಪಟ್ಟಣ ಪಟ್ಟಿಯಲ್ಲಿ, ಮೇಲಿದ್ದರೆ ಹೊರಗೆ. ಉಗ್ಲೆವೊ ಪಟ್ಟಣದ ಮನೆಗಳನ್ನು ಅಳೆದವನು ದೇಶದಲ್ಲಿ ಒಬ್ಬನೇ, ಯಾಸೆನ್. ಅವನ ಥೀಸಿಸ್ಸಿನ ಪ್ರಕಾರ ಉಗ್ಲೆವೊದ ಸರಾಸರಿ ಇಪ್ಪತ್ತು ದಶಾಂಶ ಆರು. ಅದು ಸುಳ್ಳೆಂದು ಅವನಿಗೆ ಎಂಟು ತಿಂಗಳಿನಿಂದ ಗೊತ್ತಿತ್ತು. ಇವತ್ತು ಐದು ಜನರ ಮುಂದೆ ನಿಂತಾಗ ಹೇಳಿಬಿಡಬೇಕು ಎಂದು ಮೂರು ವಾರದಿಂದ ಬೆಳಿಗ್ಗೆ ಹಲ್ಲುಜ್ಜುವಾಗಲೆಲ್ಲ ತೀರ್ಮಾನಿಸುತ್ತಿದ್ದ, ಬಾಯಿ ಮುಕ್ಕಳಿಸುವಷ್ಟರಲ್ಲಿ ಧೈರ್ಯ ಇಳಿದುಹೋಗುತ್ತಿತ್ತು. ಕೋಟಿನ ಒಳಜೇಬಿನಲ್ಲಿ ಟೈಪು ಮಾಡಿದ ಒಂದು ಹಾಳೆ ಇತ್ತು. 'ನನ್ನ ಮನೆಯಲ್ಲಿಟ್ಟ ಯಂತ್ರವನ್ನು ನಾನು ಎಲ್ಲಿಟ್ಟಿದ್ದೆನೆಂದರೆ' ಎಂದು ಶುರುವಾಗುವ ಹಾಳೆ. ಕೆಳಗೆ ಆ ಮನೆಯವರ ರುಜುವಿಗೆ ಚುಕ್ಕಿಗಳ ಸಾಲು.

ಹೋದ ಜನವರಿಯಲ್ಲಿ ಅವನು ಉಗ್ಲೆವೊಗೆ ಹೋದಾಗ ಬ್ಯಾಗಿನಲ್ಲಿ ಅರವತ್ತು ಪುಟ್ಟ ಬಿಳಿಯ ಡಬ್ಬಿಗಳಿದ್ದವು. ಬೆಂಕಿಪೊಟ್ಟಣದ ಗಾತ್ರದವು, ಮುಖದ ಮೇಲೆ ಆ ಹೊತ್ತಿನ ಡಿಗ್ರಿ ಕಾಣುತ್ತದೆ, ಒಳಗೆ ಗಂಟೆ ಗಂಟೆಗೂ ದಾಖಲಾಗುತ್ತದೆ. ಸ್ಥಾವರದ ಬಿಸಿನೀರು ಹರಿಯುವುದು ನಿಂತ ಮೇಲೆ ಅದು ಎರಡನೆಯ ಚಳಿಗಾಲ. ಎಂಟು ಅಂತಸ್ತಿನ ಬ್ಲಾಕುಗಳ ಕಿಟಕಿಗಳಲ್ಲಿ ಒಂದೊಂದು ಗಾಜು ತೆಗೆದು ತಗಡು ಹೊಡೆದು ಅದರಿಂದ ಸೌದೆ ಒಲೆಯ ಕೊಳವೆಗಳನ್ನು ಹೊರಕ್ಕೆ ಬಿಟ್ಟಿದ್ದರು. ಎಪ್ಪತ್ತೆಂಟರ ಸ್ತಾಮೆನ್ಕಾ ಅಜ್ಜಿಯ ಮನೆ ಮೂರನೆಯ ಮಹಡಿಯಲ್ಲಿತ್ತು. ಗಣಿಯಲ್ಲಿದ್ದ ಗಂಡ ಸತ್ತು ಹನ್ನೊಂದು ವರ್ಷ. ಅವಳು ಬದುಕುತ್ತಿದ್ದುದು ಅಡುಗೆಮನೆಯಲ್ಲಿ. ಅಲ್ಲೇ ಒಲೆ, ಅಲ್ಲೇ ಮಂಚ, ಅಲ್ಲೇ ಟೀವಿ. ನಿಯಮದ ಪ್ರಕಾರ ಡಬ್ಬಿಯನ್ನು ಹಜಾರದಲ್ಲಿಡಬೇಕು. ಅವನು ಹಜಾರದ ಕಪಾಟಿನ ಮೇಲಿಟ್ಟ. ಹನ್ನೆರಡು ಎಂದು ತೋರಿಸಿತು. ಅವನ ಬಾಯಿಂದ 'ಚ್ಚ್ ಚ್ಚ್' ಎಂದು ಸದ್ದು ಹೊರಟಿತು. ಕನಿಕರದ ಸದ್ದು ಎಂದು ಆಗ ತನಗೆ ತಾನೇ ಹೇಳಿಕೊಂಡಿದ್ದ. ಒಳಗೊಳಗೇ ಖುಷಿಯಾಗಿತ್ತು, ಏಕೆಂದರೆ ಹನ್ನೆರಡು ಅವನ ಥೀಸಿಸ್ಸಿಗೆ ಚಿನ್ನದಂಥ ಅಂಕಿ. ಅಜ್ಜಿ ಅವನ ಮುಖ ನೋಡುತ್ತಿದ್ದಳು. "ಇದ್ಯಾತಕ್ಕೆ ಮಗಾ?" ವಿವರಿಸಬೇಕಿತ್ತು. ವಿವರಿಸಲೆಂದೇ ಅಚ್ಚು ಹಾಕಿಸಿದ ಎರಡು ಪುಟದ ತಿಳಿವಳಿಕೆ ಪತ್ರ ಬ್ಯಾಗಿನಲ್ಲಿತ್ತು. ಆದರೆ ಅದು ಆ ದಿನದ ಹದಿನೇಳನೆಯ ಮನೆ, ಬೆರಳು ಸೆಟೆದಿದ್ದವು. "ನನ್ನ ಪರೀಕ್ಷೆಗೆ ಅಜ್ಜಿ. ಇದರಲ್ಲಿ ಬರೋ ನಂಬರಿನ ಮೇಲೆ ನನ್ನ ಡಿಗ್ರಿ ನಿಂತಿದೆ" ಎಂದು ಸಹಿ ಹಾಕಿಸಿಕೊಂಡು ಎದ್ದುಬಿಟ್ಟ. ಅವಳು ಅವನನ್ನು ಬಾಗಿಲಲ್ಲೇ ನಿಲ್ಲಿಸಿ, ಒಳಗಿಂದ ತಾಮ್ರದ ತಂಬಿಗೆಯಲ್ಲಿ ನೀರು ತಂದು ಅವನ ಮುಂದೆ ಮೆಟ್ಟಿಲ ಮೇಲೆ ಚೆಲ್ಲಿದಳು. ಪರೀಕ್ಷೆಗೆ ಹೊರಟ ಮಕ್ಕಳಿಗೆ ಚೆಲ್ಲುವ ನೀರು, ಹೋದ ಕೆಲಸ ನೀರಿನ ಹಾಗೆ ಹರಿದುಹೋಗಲೆಂದು. ಮೇಲಿನ ಮಹಡಿಯ ಎರಡು ಮನೆ ಮುಗಿಸಿ ಅವನು ಇಳಿಯುವಾಗ ಆ ನೀರು ಮೆಟ್ಟಿಲ ಮೇಲೆ ಗಾಜಿನಂತೆ ಹೆಪ್ಪುಗಟ್ಟಿತ್ತು. ಕಾಲು ಜಾರಿ ಕುಂಡೆಯ ಮೇಲೆ ಬಿದ್ದ. ಯಾರೂ ನೋಡಲಿಲ್ಲವೆಂದು ಸಮಾಧಾನಪಟ್ಟುಕೊಂಡ.

ಸಭಾಂಗಣದಲ್ಲಿ ಸೆಖೆ. ವಿಶ್ವವಿದ್ಯಾಲಯದ ರೇಡಿಯೇಟರುಗಳಿಗೆ ತಿರುಪಣಿಯೇ ಇಲ್ಲ, ಅಕ್ಟೋಬರಿನಲ್ಲಿ ಒಮ್ಮೆ ಬಿಟ್ಟರೆ ಏಪ್ರಿಲ್ಲಿನವರೆಗೂ ಕುದಿಯುತ್ತಲೇ ಇರುತ್ತವೆ; ಕಿಟಕಿಗೆ ಕುರ್ಚಿ ಅಡ್ಡಕೊಟ್ಟು ತೆರೆದಿಟ್ಟಿದ್ದರು. ತೀರ್ಪುಗಾರರು ಕೋಟು ಕಳಚಿ, ಅವನದೇ ಪ್ರಬಂಧದ ಸಾರಾಂಶದಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಯಾಸೆನ್ ಪರದೆಯ ಮೇಲೆ ಗೆರೆಗಳನ್ನು ತೋರಿಸುತ್ತಾ ಹೋದ. ತನ್ನ ದನಿ ಬೇರೆ ಯಾರದೋ ಬಾಯಿಂದ ಬರುತ್ತಿರುವಂತೆ ಕೇಳಿಸುತ್ತಿತ್ತು, ಆ ಯಾರೋ ಚೆನ್ನಾಗಿಯೇ ಮಾತಾಡುತ್ತಿದ್ದ. ಉಗ್ಲೆವೊದ ಜನ ಬಡವರು, ಆದರೆ ಚಳಿಯಲ್ಲಿಲ್ಲ. ಸ್ಥಾವರ ಮುಚ್ಚಿದರೂ ಮನೆಗಳು ತಮ್ಮದೇ ದಾರಿ ಕಂಡುಕೊಂಡಿವೆ. ಇದು ಎಲ್ಲರ ಬಾಯಲ್ಲೂ ಇರುವ ಅಳಲಿಗೆ ವಿರುದ್ಧವಾದ, ಹೊಸ, ಧೈರ್ಯದ ಶೋಧ ಎಂದು ವೆಂಕೋವ್ ಮುನ್ನುಡಿಯಲ್ಲೇ ಹೇಳಿ ಕೂತಿದ್ದರು. ಹಿಂದಿನ ಸಾಲಿನಲ್ಲಿ ಕಾರಾಜೋವ್ ಕೈಕಟ್ಟಿ ಕೂತು ಮುಗುಳ್ನಗುತ್ತಿದ್ದರು. ಬಾನಿತ್ಸಾದ ತಟ್ಟೆ ರೇಡಿಯೇಟರಿನ ಮೇಲಿತ್ತು. ಅಲ್ಲಿಟ್ಟವನು ಅವನೇ. ಅದನ್ನು ನೋಡಿದೊಡನೆ ಅವನ ಮಾತು ಒಂದು ಕ್ಷಣ ತಪ್ಪಿತು.

ಮಾರ್ಚಿನಲ್ಲಿ ಡಬ್ಬಿಗಳನ್ನು ವಾಪಸ್ಸು ತರಲು ಹೋದಾಗ ಸ್ತಾಮೆನ್ಕಾಳ ಕಪಾಟಿನ ಮೇಲೆ ಡಬ್ಬಿ ಇರಲಿಲ್ಲ. "ಅಲ್ಲೆಲ್ಲಿ ಹುಡುಕ್ತೀಯಾ, ಬಾ ಇಲ್ಲಿ" ಎಂದು ಅವಳು ಹೆಮ್ಮೆಯಿಂದ ಅಡುಗೆಮನೆಗೆ ಕರೆದುಕೊಂಡು ಹೋದಳು. ಒಲೆಯ ಮೇಲಿನ ಹಲಗೆಯಲ್ಲಿ, ಒಣಗಲಿಟ್ಟ ಬ್ರೆಡ್ಡು ಚೂರುಗಳ ಪಕ್ಕದಲ್ಲಿ, ಗಂಡನ ಒಂಟಿ ಉಣ್ಣೆ ಕಾಲುಚೀಲದೊಳಗೆ ಅದು ಬೆಚ್ಚಗೆ ಮಲಗಿತ್ತು. ಇಪ್ಪತ್ತೆರಡು ಡಿಗ್ರಿ. "ಆ ಹಜಾರದಲ್ಲಿಟ್ಟಿದ್ರೆ ನೀನು ಡುಮ್ಕಿ ಹೊಡೀತಿದ್ದೆ ಮಗಾ. ನಾನು ನಾಕು ದಿನ ನೋಡ್ದೆ. ಹನ್ನೆರಡು, ಹನ್ನೊಂದು, ಒಂದಿನ ಹತ್ತೂ ಆಯ್ತು. ಹೊಟ್ಟೆ ಉರೀತು. ಆಮೇಲೆ ಇಲ್ಲಿ ತಂದಿಟ್ಟೆ. ಕೆಳಗೆ ಬೆಂಚಿನ ಮೇಲೂ ಎಲ್ರಿಗೂ ಹೇಳ್ದೆ, ಆ ಹುಡುಗನ ಡಬ್ಬೀನ ಒಲೆ ಹತ್ರ ಇಡ್ರೇ, ಪಾಪ, ತಾಯಿ ಇದಾಳಂತೆ ಅವನಿಗೆ ಅಂತ. ಕೆಳಗಿನ್ಮನೆ ಗ್ರೊಜ್ದಾ ಅಂತೂ ತನ್ನ ಹಾಸಿಗೇಲೇ ಇಟ್ಕೊಂಡು ಮಲಗ್ತಿದ್ಲು!" ಅವನು ನಕ್ಕಿರಬೇಕು. ಏನೋ ಅಂದಿರಬೇಕು. ಸೋಫಿಯಾಕ್ಕೆ ಮರಳಿ ಕಂಪ್ಯೂಟರಿನಲ್ಲಿ ಒಂದೊಂದೇ ಗೆರೆ ತೆರೆದು ನೋಡಿದ. ಅರವತ್ತರಲ್ಲಿ ಮೂವತ್ತೆಂಟು ಮನೆಗಳಲ್ಲಿ ನಾಲ್ಕನೆಯ ದಿನವೋ ಐದನೆಯ ದಿನವೋ ಗೆರೆ ದಿಢೀರನೆ ಮೇಲೆದ್ದು, ಆಮೇಲೆ ಎರಡು ತಿಂಗಳು ಮೇಲೆಯೇ ಉಳಿದಿತ್ತು. ಅಷ್ಟು ಹೊತ್ತಿಗಾಗಲೇ ವೆಂಕೋವ್ ಸರಾಸರಿ ಅಂಕಿ ನೋಡಿ ಸಂತೋಷದಿಂದ ಕಾರಾಜೋವ್‌ಗೆ ಫೋನು ಮಾಡಿಬಿಟ್ಟಿದ್ದರು. "ಮೊದಲ ವಾರ ಏನೋ ಏರುಪೇರು ಇದೆ ಸರ್" ಎಂದಿದ್ದ ಯಾಸೆನ್. ಅಷ್ಟೇ ಅಂದಿದ್ದ. "ಮೊದಲ ವಾರ ಎಲ್ರಿಗೂ ಏರುಪೇರೇ ಕಣೋ. ಕತ್ತರಿಸು. ಹೊಂದಿಕೊಳ್ಳುವ ಅವಧಿ ಅಂತ ಬರಿ, ಎಲ್ರೂ ಬರೀತಾರೆ" ಎಂದರು ವೆಂಕೋವ್, ಸಿಗರೇಟು ಹಚ್ಚುತ್ತಾ. ಅವರಿಗೆ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ಅವನಿಗೆ ತಿಳಿಯದು. ಅವನು ಕತ್ತರಿಸಿದ. ಏಳು ದಿನ, ಅರವತ್ತು ಮನೆ. ಆ ಊರಿನ ನಿಜವಾದ ಚಳಿ ಇದ್ದದ್ದು ಆ ಏಳು ದಿನಗಳಲ್ಲಿ ಮಾತ್ರ, ಅದನ್ನು ಅಳಿಸಲು ಒಂದು ಗುಂಡಿ ಒತ್ತಿದರೆ ಸಾಕಾಗಿತ್ತು.

"ನಂದು ಒಂದೇ ಪ್ರಶ್ನೆ" ಎಂದರು ಮಿಂಚೆವಾ ಮೇಡಂ. ರೂಸೆ ನಗರದಿಂದ ಬಂದ ಹಿರಿಯ ಪ್ರೊಫೆಸರು, ಸಣಕಲು ಹೆಂಗಸು, ಅಷ್ಟು ಸೆಖೆಯಲ್ಲೂ ಟೊಪ್ಪಿ ತೆಗೆದಿರಲಿಲ್ಲ. "ಮೊದಲ ವಾರದ ಅಂಕಿ ಯಾಕೆ ಕೈಬಿಟ್ರಿ?" ಯಾಸೆನ್‌ನ ಕಿವಿ ಕಾದವು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು, ಎರಡು ಉತ್ತರಗಳೂ ಇದ್ದವು. "ಯಂತ್ರ ಹೊಸದಾಗಿ ಬಂದಾಗ ಮನೆಯವರು ಸಹಜವಾಗಿ ನಡ್ಕೊಳ್ಳಲ್ಲ ಮೇಡಂ. ವಾರ ಕಳೆದ ಮೇಲೆ ಅದನ್ನ ಮರೀತಾರೆ. ಎಲ್ಲ ಕಡೆ ಒಪ್ಪಿರೋ ಕ್ರಮ ಇದು." "ಕ್ರಮ ನನಗೆ ಗೊತ್ತು. ಆ ವಾರದಲ್ಲಿ ಏನಿತ್ತು ಅಂತ ಕೇಳಿದ್ದು." ಉಳಿದವರು ಯಾರೂ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ, ಒಬ್ಬರು ಫೋನು ನೋಡುತ್ತಿದ್ದರು, ಒಬ್ಬರ ಕಣ್ಣು ರೇಡಿಯೇಟರಿನ ಮೇಲಿನ ತಟ್ಟೆಯತ್ತ. ಹೇಳು, ಈಗ ಹೇಳು ಎಂದುಕೊಂಡ. ಕಾಲುಚೀಲ ಕಣ್ಣಿಗೆ ಕಟ್ಟಿತು. ಹೇಳಿದರೆ ಮೊದಲು ಆ ಕಾಲುಚೀಲದ ಕಥೆಯನ್ನೇ ಹೇಳಬೇಕು, ಇವರೆಲ್ಲ ಘೊಳ್ಳೆಂದು ನಗುತ್ತಾರೆ, ಆ ನಗುವಿನಲ್ಲಿ ಅಜ್ಜಿಯೂ ಅವನೂ ಒಟ್ಟಿಗೆ ಮುಳುಗುತ್ತಾರೆ. "ಅದು ಅನುಬಂಧದಲ್ಲಿದೆ ಮೇಡಂ" ಎಂದರು ವೆಂಕೋವ್ ಕೂತಲ್ಲಿಂದಲೇ. ಅನುಬಂಧದಲ್ಲಿ ಇರಲಿಲ್ಲ. ಮಿಂಚೆವಾ ಅವನನ್ನೇ ನೋಡುತ್ತಿದ್ದರು. ಅವನು ನೀರಿನ ಲೋಟ ಎತ್ತಿಕೊಂಡು ಕುಡಿದ, ಖಾಲಿಯಾದ ಮೇಲೂ ಲೋಟವನ್ನು ತುಟಿಗೆ ಹಿಡಿದೇ ಇದ್ದ. "ಸರಿ, ನೋಡ್ಕೋತೀನಿ" ಎಂದು ಅವರು ಕನ್ನಡಕ ಮಡಚಿದರು. ಐದು ಕೈಗಳು ಎದ್ದವು.

ಆಮೇಲಿನದೆಲ್ಲ ತಿನ್ನುವುದು. ಯಾಸೆನ್ ಕಾಗದದ ತಟ್ಟೆ ಹಿಡಿದು ಒಬ್ಬೊಬ್ಬರ ಬಳಿಗೂ ಹೋದ, ತನ್ನ ಮದುವೆಯಲ್ಲಿ ತಾನೇ ಬಡಿಸುವ ವರನ ಹಾಗೆ. ಇದ್ಯಾರ ಕೈಯಡುಗೆ ಎಂದು ಕೇಳಿದವರಿಗೆ ಅಮ್ಮಂದು ಎಂದ. ಅಮ್ಮನ ಆರೋಗ್ಯಕ್ಕೆ ಕುಡಿದರು. ಕಾರಾಜೋವ್ ಬಾಯ್ತುಂಬ ಇಟ್ಟುಕೊಂಡೇ ಅವನ ಬೆನ್ನು ತಟ್ಟಿದರು. "ನಿಮ್ಮ ಉಗ್ಲೆವೊದವ್ರು ನಮಗಿಂತ ಬೆಚ್ಚಗಿದ್ದಾರಲ್ರೀ! ಅಲ್ಲೇ ಒಂದು ಮನೆ ನೋಡ್ಬೇಕು ಕಣ್ರಿ ನಾನು. ಶುಕ್ರವಾರ ಮುಗೀಲಿ, ಸೋಮವಾರ ಬಂದು ನನ್ನ ನೋಡಿ." ಎಲ್ಲರೂ ನಕ್ಕರು. ಯಾಸೆನ್ ಕೂಡ ನಕ್ಕ. ಅಂದು ಅವನು ಮಾಡಿದ್ದರಲ್ಲೆಲ್ಲ ಆ ನಗುವೇ ಆಮೇಲೆ ಅವನನ್ನು ಹೆಚ್ಚು ಚುಚ್ಚಿದ್ದು. ಸುಮ್ಮನಿದ್ದುದಕ್ಕೆ ಹೆದರಿಕೆ ಎಂಬ ನೆಪವಿತ್ತು, ನಕ್ಕದ್ದಕ್ಕೆ ಯಾವ ನೆಪವೂ ಇರಲಿಲ್ಲ. ಮಿಂಚೆವಾ ಮೇಡಂ ರೈಲಿಗೆಂದು ಎರಡು ತುಂಡು ಬಾನಿತ್ಸಾ ಕಾಗದದಲ್ಲಿ ಸುತ್ತಿಕೊಂಡು, ಅವನಿಗೆ ಕೈಕುಲುಕಿ, ಒಂದೂ ಮಾತಾಡದೆ ಹೊರಟುಹೋದರು. ಅರ್ಧ ತಟ್ಟೆ ಉಳಿದಿತ್ತು. ಅವನು ಅದನ್ನು ಮತ್ತೆ ಟವೆಲಿನಲ್ಲಿ, ಶಾಲಿನಲ್ಲಿ ಸುತ್ತಿ, ದಾರ ಬಿಗಿದು, ಬಸ್ ನಿಲ್ದಾಣಕ್ಕೆ ನಡೆದ. ಮಧ್ಯಾಹ್ನ ಎರಡಕ್ಕೆ ಉಗ್ಲೆವೊಗೆ ಹೋಗುವ ಮಿನಿಬಸ್ಸು ಹೊರಡುವುದರಲ್ಲಿತ್ತು. ಇನ್ನೂ ಎರಡು ದಿನ ಇದೆಯಲ್ಲ ಎಂದುಕೊಂಡ. ಅಜ್ಜಿ ಆ ಹಾಳೆಗೆ ರುಜು ಹಾಕಿದರೆ ನಾಳೆಯೇ ಕಾರಾಜೋವ್ ಮೇಜಿನ ಮೇಲಿಡಬಹುದು. ಐದು ಜನರ ಮುಂದೆ ಬಾರದ ಧೈರ್ಯ ಒಬ್ಬ ಮುದುಕಿಯ ಎದುರು ಬಂದೀತು ಎಂಬ ಆಸೆ ಎಷ್ಟು ಹೀನವಾದದ್ದೆಂದು ಅವನಿಗೆ ತಿಳಿಯದೆ ಇರಲಿಲ್ಲ, ಆದರೂ ಟಿಕೆಟ್ಟು ಕೊಂಡ.

ಬಾಗಿಲು ತೆರೆದ ಸ್ತಾಮೆನ್ಕಾ ಮೊದಲು ನೋಡಿದ್ದು ಅವನ ಟೈಯನ್ನು. "ಮುಗೀತಾ? ಇವತ್ತೇನಾ? ಎಷ್ಟು ಬಂತು?" "ಆಯ್ತು ಅಜ್ಜಿ. ಆದ್ರೆ..." "ಎಷ್ಟು ಬಂತು ಅಂದ್ರೆ! ಆರಾ?" ಅವಳ ಕಾಲದ ಶಾಲೆಯಲ್ಲೂ ಈಗಲೂ ಆರಕ್ಕಿಂತ ಮೇಲೆ ಅಂಕ ಇಲ್ಲ. ಥೀಸಿಸ್ಸಿಗೆ ಅಂಕ ಕೊಡುವುದಿಲ್ಲ ಎಂದು ವಿವರಿಸುವ ಚೈತನ್ಯ ಅವನಲ್ಲಿರಲಿಲ್ಲ. "ಐದು ಜನರೂ ಪಾಸು ಅಂದ್ರು." "ಐದಕ್ಕೆ ಐದು! ಅಯ್ಯೋ ನನ್ನ ಕಂದಾ!" ಎಂದು ಅವಳು ಅವನ ಕೆನ್ನೆ ಹಿಡಿದು ಎರಡೂ ಕಡೆ ಮುತ್ತಿಟ್ಟಳು. ಅವಳ ಮೂಗು ಮಂಜಿನಷ್ಟು ತಣ್ಣಗಿತ್ತು. ಆಮೇಲೆ ಚಮಚ ತಗೊಂಡು ಹಜಾರದ ಗೋಡೆಯ ರೇಡಿಯೇಟರ್ ಕೊಳವೆಗೆ ಮೂರು ಸಲ, ಬಿಟ್ಟು ಎರಡು ಸಲ ಬಡಿದಳು. ಎರಡು ವರ್ಷದಿಂದ ಬಿಸಿನೀರು ಕಾಣದ ಆ ಕೊಳವೆ ಎಂಟು ಅಂತಸ್ತಿಗೂ ಸುದ್ದಿಯನ್ನು ಮಾತ್ರ ಹಿಂದಿನಷ್ಟೇ ಚೆನ್ನಾಗಿ ಸಾಗಿಸುತ್ತಿತ್ತು. ಕೆಳಗಿಂದ ಗ್ರೊಜ್ದಾ ಬಂದಳು, ಗಣಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ ದೊಡ್ಡ ಹೆಂಗಸು, ಕೋಟಿನ ಮೇಲೆ ಏಪ್ರನ್ನು. ಅವಳ ಹಿಂದೆ ಅವಳ ಗಂಡ ನಾಕೊ, ಮೂವತ್ತು ವರ್ಷ ಕಲ್ಲಿದ್ದಲು ತೋಡಿ ಈಗ ಎರಡು ಮೆಟ್ಟಿಲಿಗೊಮ್ಮೆ ನಿಂತು ಉಸಿರು ಹುಡುಕುವವನು, ಬಗಲಲ್ಲಿ ಹಣ್ಣಿನ ಸಾರಾಯಿ ರಾಕಿಯಾದ ಬಾಟಲಿ.

ಯಾಸೆನ್ ರೂಢಿಯಂತೆ ಅಡುಗೆಮನೆಯ ಕಡೆ ತಿರುಗಿದ. ಸ್ತಾಮೆನ್ಕಾ ಅವನ ತೋಳು ಹಿಡಿದು ನಿಲ್ಲಿಸಿದಳು. "ಅಲ್ಲಲ್ಲ, ಅಲ್ಲಿ ಬೇಡ. ಅವತ್ತು ನೀನು ಹುಡುಗ. ಇವತ್ತು ಡಾಕ್ಟರು. ಡಾಕ್ಟರನ್ನ ಒಲೆ ಪಕ್ಕ ಕೂರಿಸಿದ್ಲು ಮುದುಕಿ ಅಂತ ಊರು ಆಡ್ಕೊಳ್ಳಲ್ವಾ?" ಎಂದು ಹಜಾರದಾಚೆಯ ಕೋಣೆಯ ಬಾಗಿಲಿನ ಬೀಗ ತೆಗೆದಳು. ನೆಂಟರಿಗೆಂದು ಮೀಸಲಾದ ಕೋಣೆ. ಗಾಜಿನ ಬೀರುವಿನಲ್ಲಿ ಯಾರೂ ಕುಡಿಯದ ಲೋಟಗಳು, ಲೇಸಿನ ಹೊದಿಕೆ ಹಾಸಿದ ಸೋಫಾ, ಗೋಡೆಯ ಮೇಲೆ ಗಣಿಯ ಉತ್ಸವದ ಕಪ್ಪು ಟೊಪ್ಪಿ ಧರಿಸಿದ ಗಂಡನ ಫೋಟೊ. ಬಾಗಿಲು ತೆರೆದೊಡನೆ ಒಳಗಿನ ಚಳಿ ಮುಖಕ್ಕೆ ಬಡಿಯಿತು, ಹೊರಗಿನ ಬೀದಿಯೇ ಮೇಲು ಅನ್ನಿಸುವಂಥ, ಗೋಡೆಗಳಲ್ಲಿ ವರ್ಷಗಟ್ಟಲೆ ಕೂತ ಚಳಿ. "ಕೋಟು ತೆಗೀಬೇಡ" ಎಂದಳು ಗ್ರೊಜ್ದಾ ಮೆಲ್ಲಗೆ. ನಾಲ್ವರೂ ಕೋಟು ತೊಟ್ಟೇ ಮೇಜಿನ ಸುತ್ತ ಕೂತರು, ಅವನನ್ನು ತುದಿಯ ದೊಡ್ಡ ಕುರ್ಚಿಯಲ್ಲಿ ಕೂರಿಸಿ. ಮಾತಾಡಿದಾಗಲೆಲ್ಲ ಬಾಯಿಂದ ಹಬೆ ಏಳುತ್ತಿತ್ತು. ಅಮ್ಮನ ಶಾಲು ಬಿಚ್ಚಿ ಬಾನಿತ್ಸಾ ಹಂಚಿದ. ಅದು ಈಗ ಪೂರ್ತಿ ಆರಿ ಬೆಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತ್ತು. "ಆಹಾ, ನಿಮ್ಮಮ್ಮನ ಕೈ ಬಂಗಾರ ಕಣೋ" ಎನ್ನುತ್ತಾ ಮೂವರೂ ತಿಂದರು.

ಆಗ ಅವನು ಹೇಳಿದ. ಎಲ್ಲಿಂದ ಶುರುಮಾಡಿದನೋ ಗೊತ್ತಿಲ್ಲ, ತಟ್ಟೆ ನೋಡುತ್ತಲೇ ಹೇಳಿದ. ಆ ಡಬ್ಬಿಯಲ್ಲಿ ಹೆಚ್ಚು ಬಂದರೆ ತನಗೆ ಒಳ್ಳೆಯದು ಎಂಬುದು ತಪ್ಪು, ಕಡಿಮೆ ಬಂದಿದ್ದರೆ ಊರಿಗೆ ನೆರವು ಬರುತ್ತಿತ್ತು, ನೀವು ಒಲೆಯ ಬಳಿ ಇಟ್ಟದ್ದರಿಂದ ಉಗ್ಲೆವೊ ಬೆಚ್ಚಗಿದೆ ಎಂದಾಯಿತು, ಶುಕ್ರವಾರ ಹೊರಡುವ ಪಟ್ಟಿಯಲ್ಲಿ ಊರಿನ ಹೆಸರಿಲ್ಲ. "ನಿಮ್ಮ ತಪ್ಪಲ್ಲ. ನಾನು ಸರಿಯಾಗಿ ಹೇಳ್ಲಿಲ್ಲ. ಆಮೇಲೆ ಗೊತ್ತಾದ್ಮೇಲೂ ಬಾಯಿ ಬಿಡ್ಲಿಲ್ಲ. ಇವತ್ತು ಬೆಳಿಗ್ಗೆ ಒಬ್ರು ಕೇಳಿದ್ರು, ಆಗ್ಲೂ ಬಿಡ್ಲಿಲ್ಲ." ಗ್ರೊಜ್ದಾ ಕೈಯಲ್ಲಿದ್ದ ತುಂಡನ್ನು ತಟ್ಟೆಗೆ ಹಾಕಿದಳು. "ಅಂದ್ರೆ..." ಎಂದು ನಿಧಾನವಾಗಿ ಶುರುಮಾಡಿದಳು, "ಅಂದ್ರೆ ನಾನು ಎರಡು ತಿಂಗಳು ಅದನ್ನ ಮಗ್ಗುಲಲ್ಲಿಟ್ಕೊಂಡು ಮಲಗಿದ್ದಕ್ಕೆ ನನಗೇ..." ಮುಖ ಕೆಂಪೇರಿತು. ಬೈಯುತ್ತಾಳೆ ಎಂದು ಯಾಸೆನ್ ಕಾದ. ಬೈದಿದ್ದರೆ ಅವನಿಗೆ ಹಾಯೆನಿಸುತ್ತಿತ್ತು; ಅದಕ್ಕಾಗಿಯೇ ಇಷ್ಟು ದೂರ ಬಂದಿದ್ದನೇನೋ. ನಾಕೊ ಕೆಮ್ಮಿದ, ಕೆಮ್ಮು ಮುಗಿಯುವವರೆಗೂ ಎಲ್ಲರೂ ಕಾದರು. "ಲೇ, ಅವ್ರು ಹೇಗೂ ಕೊಡ್ತಿರ್ಲಿಲ್ಲ ಬಿಡೇ" ಎಂದ ಹೆಂಡತಿಗೆ. "ಹದಿನೆಂಟಿದ್ದಿದ್ರೆ ಹದಿನಾರಕ್ಕಿಳೀಬೇಕು ಅಂತಿದ್ರು. ಹದಿನಾರಿದ್ದಿದ್ರೆ ಹದಿನಾಕು. ಸ್ಥಾವರ ಮುಚ್ಚೋವಾಗ ಏನೇನ್ ಹೇಳಿರ್ಲಿಲ್ಲ! ಈ ಹುಡುಗ ಯಾವ ಲೆಕ್ಕ?" "ಇಲ್ಲ ನಾಕೊ ಮಾವ, ಈ ಸಲ ಕೊಡ್ತಿದ್ರು. ನಿಜವಾಗ್ಲೂ ಕೊಡ್ತಿದ್ರು" ಎಂದ ಯಾಸೆನ್. ಅವನ ದನಿಯಲ್ಲಿ ಅಂಗಲಾಚಿಕೆ ಇತ್ತು. ನಾಕೊ ಅವನನ್ನು ಕನಿಕರದಿಂದ ನೋಡಿ ಲೋಟಕ್ಕೆ ಇನ್ನಷ್ಟು ರಾಕಿಯಾ ಸುರಿದ. "ಕುಡಿ ಮಗಾ. ನೀನಿನ್ನೂ ಚಿಕ್ಕವನು."

ಯಾಸೆನ್ ಹಾಳೆ ತೆಗೆದು ಸ್ತಾಮೆನ್ಕಾಳ ಮುಂದಿಟ್ಟ. ಇದಕ್ಕೆ ರುಜು ಹಾಕಿದರೆ ನಾಳೆ ಒಯ್ದು ಕೊಡುತ್ತೇನೆ, ಮತ್ತೆ ಅಳೆಯಬೇಕಾಗುತ್ತದೆ, ಪಟ್ಟಿ ನಿಂತರೂ ನಿಲ್ಲಬಹುದು ಎಂದ. ಅವಳು ಓದಲಿಲ್ಲ. ಹಾಳೆಯ ಮೇಲೆ ಕೈಯಿಟ್ಟು ಕೇಳಿದಳು: "ರುಜು ಹಾಕಿದ್ರೆ ನಿನಗೇನಾಗುತ್ತೆ?" "ಡಿಗ್ರಿ ಹೋಗುತ್ತೆ. ಕೆಲಸಾನೂ ಸಿಗಲ್ಲ." "ಈ ಬಾನಿತ್ಸಾ ಮಾಡಿದ ತಾಯಿಗೆ ಗೊತ್ತಾ ಇದು?" "ಇಲ್ಲ." ಅವಳು ಹಾಳೆಯನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ ಮಡಚಿ, ಎದ್ದು ಬಂದು ಅವನ ಕೋಟಿನ ಜೇಬಿಗೆ ತುರುಕಿ, ಮೇಲಿಂದ ಎರಡು ಸಲ ತಟ್ಟಿದಳು. "ನಮಗಂತೂ ಏನೂ ಬರಲಿಲ್ಲ. ನಿನಗಾದ್ರೂ ಬಂತಲ್ಲ ಕಂದಾ. ಈ ಬ್ಲಾಕಿನಿಂದ ಒಬ್ಬನಾದ್ರೂ ಗೆದ್ದ ಅಂತಾಗ್ಲಿ." ಅವನು ಇನ್ನೊಮ್ಮೆ ಕೇಳಬಹುದಿತ್ತು. ಗ್ರೊಜ್ದಾಳನ್ನು ಕೇಳಬಹುದಿತ್ತು, ಅವಳು ಹಾಕುತ್ತಿದ್ದಳು, ಅವಳ ಕಣ್ಣು ಇನ್ನೂ ಆ ಜೇಬಿನ ಮೇಲೇ ಇತ್ತು. ಅವನು ಕೇಳಲಿಲ್ಲ. ಎದೆಯೊಳಗೆ ಏನೋ ಸಡಿಲವಾಗಿ ಕೆಳಗಿಳಿಯಿತು, ಅದು ನೆಮ್ಮದಿ ಎಂದು ಗುರುತು ಹತ್ತಿದಾಗ ತನ್ನ ಮೇಲೆ ತನಗೆ ಅಸಹ್ಯವಾಯಿತು. ಅಸಹ್ಯವಾದ ಮೇಲೂ ನೆಮ್ಮದಿ ಅಲ್ಲೇ ಇತ್ತು.

ಹೊರಡುವಾಗ ಸ್ತಾಮೆನ್ಕಾಗೆ ಏನೋ ನೆನಪಾಯಿತು. ಮಾರ್ಚಿನಲ್ಲಿ ಡಿಗ್ರಿ ನೋಡಿಕೊಳ್ಳಲು ತನಗಿರಲಿ ಎಂದು ಅವಳು ಕೇಳಿದ್ದಕ್ಕೆ ಅವನು ಅಂಕಿ ಇಳಿಸಿಕೊಂಡು ಬಿಟ್ಟುಹೋಗಿದ್ದ ಡಬ್ಬಿ. ಕಡತದಲ್ಲಿ 'ಕಳೆದಿದೆ' ಎಂದು ಬರೆದುಕೊಂಡಿದ್ದ. ಅದು ಈ ಕೋಣೆಯ ಬೀರುವಿನಲ್ಲೇ, ಗಾಜಿನ ಲೋಟಗಳ ನಡುವೆ, ಬೆಲೆಬಾಳುವ ವಸ್ತುವಿನಂತೆ ಕೂತಿತ್ತು. "ತಗೊಂಡ್ಹೋಗು, ನಿಮ್ಮೋರು ಕೇಳಿಯಾರು" ಎಂದು ತೆಗೆದಳು. ಅದರ ಮುಖ ನೋಡಿ ಹುಬ್ಬುಗಂಟಿಕ್ಕಿದಳು. ಒಂಬತ್ತು. "ಅಯ್ಯಯ್ಯೋ" ಎಂದು, ಯಾರಾದರೂ ನೋಡಿದರೋ ಎಂಬಂತೆ ಬೆನ್ನು ತಿರುಗಿಸಿ, ಡಬ್ಬಿಯನ್ನು ಎರಡೂ ಅಂಗೈಗಳ ನಡುವೆ ಮುಚ್ಚಿ, ಬಾಯಿ ಹತ್ತಿರ ತಂದು ಹಾ ಹಾ ಎಂದು ಊದತೊಡಗಿದಳು. ಬೆರಳ ಸಂದಿಯಿಂದ ಹಬೆ ಹೊರಬರುತ್ತಿತ್ತು. ನಡುವೆ ಬೆರಳು ಸಡಿಲಿಸಿ ಇಣುಕಿದಳು, ಹದಿಮೂರು, ಮತ್ತೆ ಊದಿದಳು. ಯಾಸೆನ್ ಟೈ ಕಟ್ಟಿಕೊಂಡು, ಖಾಲಿ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಅವಳಿಗೆ ಏದುಸಿರು ಬಂತು, ನಿಲ್ಲಿಸಲಿಲ್ಲ. ಹತ್ತೊಂಬತ್ತಾದಾಗ ತೃಪ್ತಿಯಿಂದ ತಲೆಯೆತ್ತಿ, ಅವನ ಕೈಯನ್ನು ಬಿಡಿಸಿ ಅದರಲ್ಲಿ ಡಬ್ಬಿಯಿಟ್ಟು ಬೆರಳುಗಳನ್ನು ಮುಚ್ಚಿದಳು.

"ಬೇಗ ಜೇಬಿಗೆ ಹಾಕ್ಕೋ" ಎಂದಳು, "ಆರೋದ್ರೊಳಗೆ."